ಅನಾಕ್ಲೆತೊನಿಗೆ ಒಂದು ಮೇಣದಬತ್ತಿ

ವಿನ್ಯಾ ದೆಲ್ ಮಾರ್
೯ ಜನವರಿ ೧೯೯೫

ದೊನ್ ಕ್ಲೆತೊ,

ನಿಮ್ಮ ಕೆಲಸ ಮೊದಲು ಮುಗಿಸಿದ್ದೇನೆ, ನನ್ನ ಸುದ್ದಿ ಆಮೇಲೆ. ನನ್ನ ಗಂಡ ತೀರಿಕೊಂಡ ವರ್ಷದಿಂದ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೀರಿ, ಇಷ್ಟು ಕಾಲದಲ್ಲಿ ಒಂದು ಚಿಟಿಕೆ ಉಪ್ಪು ಬೇಕು ಅಂತ ಕೂಡ ನನ್ನ ಬಾಗಿಲು ತಟ್ಟಿದವರಲ್ಲ. ಅಂಥವರು ನಾನು ಕಣ್ಣಿನ ಪೊರೆ ತೆಗೆಸಲು ಹೊರಟ ದಿನ ಬಸ್ಸಿನ ಕಿಟಕಿಯ ಹತ್ತಿರ ಬಂದು, "ಪುರುಸೊತ್ತಾದ್ರೆ ಆ ಹಳೇ ರೇಸ್ ಮೈದಾನ ಹೇಗಿದೆ ಅಂತ ನೋಡ್ಕೊಂಡು ಬನ್ನಿ, ದೊನ್ಯ ಫ್ರೆಸಿಯಾ" ಅಂದಿರಲ್ಲ, ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆ. ಚಿಕ್ಕ ವಯಸ್ಸಿನಲ್ಲಿ ಅಲ್ಲಿ ಲಾಯ ಗುಡಿಸುತ್ತಿದ್ದೆ ಅಂತ ಒಮ್ಮೆ ಹೇಳಿದ್ದಿರಿ. ಅದರ ಮೇಲೆ ಒಂದು ಅಕ್ಷರ ನಿಮ್ಮಿಂದ ಹೊರಟದ್ದು ನೆನಪಿಲ್ಲ.

ಬಲಗಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಣ್ಣನ ಮಗಳು ಯಾಸ್ನಾ ಕರೆದುಕೊಂಡು ಹೋದಳು. ಮರದ ಮೆಟ್ಟಿಲಿನ ಗ್ಯಾಲರಿ ಹಾಗೇ ಇದೆ, ಕಬ್ಬಿಣದ ಕಂಬಗಳಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ನೂರು ವರ್ಷದ ಗತ್ತು ಬಿಟ್ಟಿಲ್ಲ. ಆಚೆ ತಿರುವಿನಲ್ಲಿ ನೀಲಗಿರಿ ಮರಗಳು, ಅದರ ಹಿಂದೆ ಹೊಳೆ, ನೀರಿಗಿಂತ ಕಸ ಜಾಸ್ತಿ. ಬೆಳಗಿನ ಹೊತ್ತು ಸಮುದ್ರದ ಮಂಜು ಎಷ್ಟು ದಟ್ಟ ಅಂದರೆ, ಕುದುರೆಗಳ ಸದ್ದು ಮೊದಲು ಬರುತ್ತದೆ, ಕುದುರೆ ಆಮೇಲೆ. ನಾನು ಬೇಲಿ ಹಿಡಿದು ನಿಂತುಬಿಟ್ಟೆ. ಯಾಸ್ನಾಗೆ ಚಳಿ, ಗೊಣಗುತ್ತಿದ್ದಳು.

ಈಗ ಕೇಳಿ. ಲಾಯಗಳ ಗೇಟಿನ ಹತ್ತಿರ, ಆ ನೀಲಗಿರಿ ಮರಗಳ ಕೆಳಗೆ, ಒಂದು ಅನಿಮಿತ ಇದೆ. ನಮ್ಮ ಹೆದ್ದಾರಿಯಲ್ಲಿ ಲಾರಿ ಉರುಳಿದ ಕಡೆಯೆಲ್ಲ ಕಟ್ಟುತ್ತಾರಲ್ಲ ಅಂಥ ಪುಟ್ಟ ಗುಡಿ, ಮೊಣಕಾಲೆತ್ತರ, ತಗಡಿನ ಮಾಡು. ಆದರೆ ಇದು ನಮ್ಮ ಕಡೆಯದರ ಹಾಗೆ ಬಡಪಾಯಿಯಲ್ಲ. ಮೇಣ ಕರಗಿ ಕರಗಿ ಕಲ್ಲಿನಂತೆ ಗಟ್ಟಿಯಾಗಿದೆ. ಹಳೇ ಲಾಳ, ಆಟದ ಕುದುರೆ, ಜಾಕಿಗಳ ಟೊಪ್ಪಿ, ಉಪಕಾರ ಸ್ಮರಣೆಯ ಹಲಗೆಗಳು ಗೋಡೆ ತುಂಬ. ಬರೆದಿರುವ ಹೆಸರು ಏನು ಗೊತ್ತೇ? ಅನಾಕ್ಲೆತೊ, ೧೯೫೬. ನಿಮ್ಮನ್ನಲ್ಲದೆ ಇನ್ನೊಬ್ಬ ಅನಾಕ್ಲೆತೊನನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ!

ಪಕ್ಕದಲ್ಲಿ ಸುಲೆಮಾ ಅಂತ ಒಬ್ಬಾಕೆ ಕುಂಬಳಕಾಯಿ ಹಿಟ್ಟಿನ ಸೊಪೈಪಿಯಾ ಕರಿದು ಮಾರುತ್ತಾಳೆ, ಗುಡಿಯ ಉಸ್ತುವಾರಿಯೂ ಅವಳದೇ. ಅವಳ ತಾಯಿ ಮೊದಲ ದೀಪ ಹಚ್ಚಿದವಳಂತೆ. "ಹೊಸ ಜಾಕಿ ಕಣಮ್ಮ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಬೆಳಗ್ಗೆ ಕುದುರೆ ಓಡಿಸೋಕೆ ಬಂದವನು ಮಂಜಲ್ಲಿ ಬಿದ್ದ, ಕುದುರೆ ಮೇಲೇ ಹೊರಳಿತು. ಅಲ್ಲೇ ಹೋದ. ರಕ್ತ ಈ ಮಣ್ಣಲ್ಲೇ ಇದೆ," ಅಂದಳು. ನನಗೆ ಅಳು ಬಂತು, ಡಾಕ್ಟರು ಅಳಬೇಡಿ ಅಂದಿದ್ದರೂ.

ನೀವು ಆಗ ಅಲ್ಲೇ ಇದ್ದಿರಲ್ಲವೇ? ಅವನು ನಿಮಗೆ ಗೊತ್ತಿದ್ದನೇ?

ಜೆರೇನಿಯಂ ಕುಂಡಗಳನ್ನು ಗಾಳಿಗೆ ಬಿಡಬೇಡಿ. ಚುಕ್ಕೆ ಕೋಳಿಗೆ ಬೇರೆಯಾಗಿ ಕಾಳು ಹಾಕಿ, ಉಳಿದವು ಅದನ್ನು ಹತ್ತಿರ ಸೇರಿಸುವುದಿಲ್ಲ.

ಒಂದೂವರೆ ಕಣ್ಣಿನ
ಫ್ರೆಸಿಯಾ


ಪುಎರ್ತೊ ನತಾಲೆಸ್
೨೩ ಜನವರಿ

ದೊನ್ಯ ಫ್ರೆಸಿಯಾ,

ಕೋಳಿಗಳು ಚೆನ್ನಾಗಿವೆ. ಕುಂಡಗಳು ಒಳಗಿವೆ. ಅಡುಗೆಮನೆಯ ಮೇಲಿನ ತಗಡೊಂದು ಗಾಳಿಗೆ ಎದ್ದಿತ್ತು, ಮೊಳೆ ಹೊಡೆದೆ.

ಆ ಹುಡುಗ ಗೊತ್ತಿತ್ತು. ದೊಡ್ಡ ಸವಾರನೇನಲ್ಲ. ತೂಕ ಹಾಕುವ ದಿನದ ಹಿಂದಿನ ರಾತ್ರಿ ಮಾಂಸ ತುಂಬಿದ ಎಂಪನಾದ ಕಡುಬು ತಿಂದು, ಬೆಳಗ್ಗೆ ಉಣ್ಣೆಯ ಕೋಟು ಹೊದ್ದು ಓಡಿ ಬೆವರಿಳಿಸುತ್ತಿದ್ದ. ಗೆದ್ದದ್ದು ಕಡಿಮೆ, ಜಂಭ ಜಾಸ್ತಿ. ಅವನಿಗೆ ಗುಡಿ ಕಟ್ಟಿದ್ದಾರೆ ಅಂದರೆ ನನಗೆ ನಗು ಬರುತ್ತದೆ.

ಅಷ್ಟು ಮೇಣ ಕರಗಿದೆ ಅಂತ ಬರೆದಿದ್ದೀರಿ. ದಿನಾ ಬರುತ್ತಾರೆಯೇ ಜನ? ಯಾರು ಯಾರು? ಲಾಯದವರೇ ಬರುತ್ತಾರೋ, ಊರವರೂ ಬರುತ್ತಾರೋ? ಸುಲೆಮಾಳ ತಾಯಿ ಮೊದಲ ದೀಪ ಹಚ್ಚಿದ್ದು ಯಾವಾಗ, ಅವನು ಬಿದ್ದ ದಿನವೇನಾ? ಆಗ ಅಲ್ಲಿ ಬೇರೆ ಯಾರಾದರೂ ಇದ್ದರೇ, ಅತ್ತರೇ ಅಂತ ಸುಲೆಮಾಳನ್ನು ಕೇಳಲು ಆದರೆ ಕೇಳಿ. ಸುಮ್ಮನೆ ಕುತೂಹಲ ಅಷ್ಟೆ.

ಕಣ್ಣು ಉಜ್ಜಬೇಡಿ.

ಅ. ಬರ್ರಿಯಾ


ವಿನ್ಯಾ ದೆಲ್ ಮಾರ್
೭ ಫೆಬ್ರವರಿ

ದೊನ್ ಕ್ಲೆತೊ,

ಸತ್ತವರ ಬಗ್ಗೆ ಹೀಗೆಲ್ಲ ಬರೆಯಲು ನಿಮಗೆ ನಾಚಿಕೆಯಾಗಬೇಕು. ಎಂಪನಾದ ತಿಂದನಂತೆ! ತಿನ್ನಲಿ ಬಿಡಿ, ಪಾಪ, ಆಮೇಲೆ ತಿನ್ನಲು ಎಲ್ಲಿತ್ತು ಅವನಿಗೆ ಆಯಸ್ಸು. ನಿಮಗೆ ಹೊಟ್ಟೆಕಿಚ್ಚು, ಬೇರೇನಲ್ಲ. ನೀವು ಲಾಯ ಗುಡಿಸುವಾಗ ಅವನು ಕುದುರೆ ಮೇಲಿದ್ದ ಅಂತ.

ಭಾನುವಾರ ದರ್ಬಿ, ವರ್ಷದ ದೊಡ್ಡ ರೇಸು ಇತ್ತು. ಬೆಳಗಿನ ಜಾವಕ್ಕೇ ಊರಿಗೆ ಊರೇ ಮೈದಾನದ ನಡುವೆ ಬಂದು ಬೀಡುಬಿಟ್ಟಿತ್ತು, ಮಕ್ಕಳು ಮರಿ, ಅಜ್ಜಿಯರು, ಮಡಚುವ ಕುರ್ಚಿ, ಮಾಂಸ ಸುಡುವ ಒಲೆಗಳು. ಹೊಗೆಯಲ್ಲಿ ಯಾವ ಕುದುರೆ ಯಾವ ಕಡೆ ಓಡುತ್ತಿದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಯಾಸ್ನಾಳ ಗಂಡ ತಾನು ಹಣ ಕಟ್ಟಿದ ಕುದುರೆ ಅಂತ ಬೇರೆ ಯಾವುದಕ್ಕೋ ಗಂಟಲು ಹರಿದುಕೊಂಡ. ನಾನು ಮಾತ್ರ ಓಟ ಶುರುವಾಗುವ ಮೊದಲೇ ಲಾಯಗಳ ಗೇಟಿಗೆ ಹೋಗಿದ್ದೆ, ನಿಮ್ಮ ಪ್ರಶ್ನೆಗಳಿದ್ದವಲ್ಲ.

ಜಾಕಿಗಳು ಒಬ್ಬೊಬ್ಬರೇ ಗುಡಿಯ ಮುಂದೆ ಕುದುರೆ ನಿಲ್ಲಿಸಿ, ಬಗ್ಗಿ, ಚಾವಟಿಯ ತುದಿಯಿಂದ ತಗಡಿನ ಮಾಡನ್ನು ಮುಟ್ಟಿ ಹೋಗುತ್ತಾರೆ. ಒಬ್ಬರೂ ತಪ್ಪಿಸುವುದಿಲ್ಲ. ಊರವರೂ ಬರುತ್ತಾರೆ: ಪರೀಕ್ಷೆ ಇರುವವರು, ಕೆಲಸ ಹೋದವರು, ಮಗು ಹುಷಾರಿಲ್ಲದವರು. "ಎಲ್ಲಾ ಕೊಡ್ತಾನೆ ಕಣಮ್ಮ," ಅಂತಾಳೆ ಸುಲೆಮಾ, "ರೇಸಲ್ಲಿ ಗೆಲ್ಸು ಅಂದ್ರೆ ಮಾತ್ರ ಕಿವಿ ಕೇಳ್ಸಲ್ಲ. ಕುದುರೆ ಮನಸ್ಸು ಅವನಿಗೇ ಗೊತ್ತಾಗ್ಲಿಲ್ವಲ್ಲ ಪಾಪ." ಹರಕೆ ಹೊತ್ತು ತೀರಿಸದವರನ್ನು ಸುಮ್ಮನೆ ಬಿಡುವವನೂ ಅಲ್ಲವಂತೆ.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ಅವನು ಬಿದ್ದ ಸಂಜೆಯೇ. ಲಾಯದ ಹೆಂಗಸರೆಲ್ಲ ಬಂದಿದ್ದರಂತೆ. ಸುಲೆಮಾಳ ತಾಯಿ ಅವನ ಅಂಗಿ ಒಗೆದುಕೊಡುತ್ತಿದ್ದವಳು, ತಿಂಗಳುಗಟ್ಟಲೆ ಅತ್ತಳಂತೆ. ಗಂಡಸರು ಟೊಪ್ಪಿ ಕೈಯಲ್ಲಿ ಹಿಡಿದು ಕತ್ತಲಾಗುವವರೆಗೆ ನಿಂತಿದ್ದರಂತೆ. ಇಷ್ಟು ಸಾಕೇ, ಹೊಟ್ಟೆಕಿಚ್ಚಿನವರೇ?

ನಾನೂ ಒಂದು ಮೇಣದಬತ್ತಿ ಹಚ್ಚಿ ಒಂದು ಬೇಡಿಕೆ ಇಟ್ಟಿದ್ದೇನೆ. ಏನು ಅಂತ ಕೇಳಬೇಡಿ, ಈಡೇರುವವರೆಗೆ ಬಾಯಿ ಬಿಡಬಾರದು ಅನ್ನುವುದು ಇಲ್ಲಿಯ ನೇಮ. ಪ್ರತಿ ಸೋಮವಾರ ಹೋಗಿ ನೆನಪು ಮಾಡಿ ಬರುತ್ತೇನೆ.

ಎಡಗಣ್ಣಿಗೂ ಮಾಡಿಸಿಬಿಡಿ ಅಂತಾರೆ ಡಾಕ್ಟರು. ಯಾಸ್ನಾ ನನಗೆ ಬಿಸಿಲು ಬೀಳುವ ಕೋಣೆ ಕೊಟ್ಟಿದ್ದಾಳೆ. ಇಲ್ಲಿ ಗಾಳಿಯೇ ಇಲ್ಲ ದೊನ್ ಕ್ಲೆತೊ, ಬಾಗಿಲು ಬಡಿದುಕೊಳ್ಳುವುದೇ ಇಲ್ಲ. ನಿದ್ದೆ ಬರುವುದಿಲ್ಲ ನನಗೆ.

ಫ್ರೆಸಿಯಾ


ಪುಎರ್ತೊ ನತಾಲೆಸ್
೨೧ ಫೆಬ್ರವರಿ

ದೊನ್ಯ ಫ್ರೆಸಿಯಾ,

ಪತ್ರ ತಲುಪಿತು. ಎರಡು ಸಲ ಓದಿದೆ.

ಎಡಗಣ್ಣಿಗೂ ಮಾಡಿಸಿಕೊಳ್ಳಿ. ಅರ್ಧಕ್ಕೆ ಬಿಟ್ಟು ಬರಬೇಡಿ. ಇಲ್ಲಿಯ ಯೋಚನೆ ನಿಮಗೆ ಬೇಡ, ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ. ನೀವಿಲ್ಲದೆ ಯಾವುದಕ್ಕೂ ತೊಂದರೆಯಾಗಿಲ್ಲ. ಎಷ್ಟು ದಿನ ಬೇಕೋ ಅಷ್ಟು ದಿನ ಇರಿ. ಬಿಸಿಲಿನ ಕೋಣೆ ಸಿಕ್ಕಿದೆ ಅಂದಿರಿ, ಒಳ್ಳೆಯದಾಯಿತು. ಇಲ್ಲಿ ಸೂರ್ಯ ಮುಖ ತೋರಿಸಿ ವಾರವಾಯಿತು.

ಆ ಅನಾಕ್ಲೆತೊನಿಗೆ ಮೇಣದಬತ್ತಿ ಹಚ್ಚುವುದನ್ನು ಮಾತ್ರ ನಿಲ್ಲಿಸಿ. ಕಣ್ಣು ವಾಸಿ ಮಾಡುವುದು ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿ ಏನೂ ಇಲ್ಲ. ನಾನು ಹೇಳುತ್ತಿದ್ದೇನಲ್ಲ, ನಂಬಿ.

ಚುಕ್ಕೆ ಕೋಳಿ ಮೊಟ್ಟೆ ನಿಲ್ಲಿಸಿದೆ.

ಅ. ಬರ್ರಿಯಾ


ವಿನ್ಯಾ ದೆಲ್ ಮಾರ್
೮ ಮಾರ್ಚ್

ಮಾನ್ಯ ದೊನ್ ಅನಾಕ್ಲೆತೊ ಬರ್ರಿಯಾ ಅವರಿಗೆ,

ನಿಮ್ಮ ಪತ್ರ ಬಂತು. ನಾನಿಲ್ಲದೆ ಯಾವುದಕ್ಕೂ ತೊಂದರೆಯಾಗಿಲ್ಲ ಎಂದು ತಿಳಿದು ಸಮಾಧಾನವಾಯಿತು.

ಹಾಗಾದರೆ ಈ ವಿಷಯ ಬರೆಯುವುದು ನನಗೂ ಸುಲಭ. ಇದನ್ನು ಜನವರಿಯಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಯಾಸ್ನಾ ನನ್ನನ್ನು ಇಲ್ಲೇ ಉಳಿದುಬಿಡು ಅನ್ನುತ್ತಿದ್ದಾಳೆ. ನತಾಲೆಸ್‌ನಲ್ಲಿ ಬೆಟ್ಟ ನೋಡಲು ಬರುವ ವಿದೇಶದವರಿಗೆ ಈಗ ಕೋಣೆ ಸಾಲುವುದಿಲ್ಲವಂತೆ, ಅಲ್ಲಿಯ ಹೋಟೆಲಿನವರೊಬ್ಬರು ನನ್ನ ಮನೆಯನ್ನು ಕೊಳ್ಳುತ್ತಾರಂತೆ. "ಅತ್ತೆ, ಆ ತಗಡಿನ ಮನೇಲಿ ಗಾಳಿ ಜೊತೆ ಜಗಳ ಆಡ್ಕೊಂಡು ಯಾರಿಗೋಸ್ಕರ ಕೂತಿರ್ತೀಯ ನೀನು? ಯಾರಿದಾರೆ ಅಲ್ಲಿ?" ಅಂತ ಕೇಳಿದಳು. ಒಲೆಗೆ ಕಟ್ಟಿಗೆ ಹಾಕಬೇಕು ಅಂದೆ. ಇಲ್ಲಿ ಬೇಸಿಗೆ, ಅವಳ ಮನೆಯಲ್ಲಿ ಗ್ಯಾಸು. ಎಲ್ಲರೂ ನಕ್ಕರು.

ಆ ಮನೆಯಲ್ಲಿ ನೀವೂ ಇರುವವರು. ಆದ್ದರಿಂದ ಕೇಳುತ್ತಿದ್ದೇನೆ. ನೀವು ಏನು ಹೇಳುತ್ತೀರಿ? ಮಾರಲೋ, ಬಿಡಲೋ? ಬಾಡಿಗೆದಾರರಾಗಿ ಹೇಳಿ, ಇಲ್ಲವೇ ಬೇರೆ ಹೇಗಾದರೂ ಹೇಳಿ. ಯಾಸ್ನಾ ಈಸ್ಟರ್‌ವರೆಗೆ ಸುಮ್ಮನಿರುತ್ತೇನೆ ಅಂದಿದ್ದಾಳೆ.

ಸೋಮವಾರ ಹೋಗಿದ್ದೆ. ನೀವು ಬೇಡ ಅಂದರೂ ಹಚ್ಚಿದೆ. ಮೇಣದಬತ್ತಿ ನನ್ನದು, ಬೆಂಕಿಪೆಟ್ಟಿಗೆಯೂ ನನ್ನದು.

ಫ್ರೆಸಿಯಾ ಓಹೆದಾ


ಪುಎರ್ತೊ ನತಾಲೆಸ್
೨೨ ಮಾರ್ಚ್

ದೊನ್ಯ ಫ್ರೆಸಿಯಾ,

ಈ ಪತ್ರ ಉದ್ದವಾಗುತ್ತದೆ, ತಾಳ್ಮೆಯಿರಲಿ. ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದೇನೆ.

ಆ ಗುಡಿಯ ಹುಡುಗ ಸತ್ತಿಲ್ಲ. ಅವನು ನಾನು.

ನಾನು ಲಾಯ ಗುಡಿಸುತ್ತಿದ್ದವನಲ್ಲ, ಜಾಕಿ. ಹಾಗೆ ಸುಳ್ಳು ಹೇಳಿದ್ದು ಯಾಕೆಂದರೆ, ಮಾಂಸದ ಕಾರ್ಖಾನೆಯಲ್ಲಿ ಕುರಿ ತೂಗುಹಾಕುವ ಕುಂಟನೊಬ್ಬ ನಾನು ಜಾಕಿಯಾಗಿದ್ದೆ ಅಂದರೆ ಕೇಳಿದವರು ಇನ್ನೊಂದು ಲೋಟ ತುಂಬಿಸಿ ಕಣ್ಣು ಮಿಟುಕಿಸುತ್ತಾರೆ. ನೀವು ಹಾಗೆ ಮಾಡುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ.

ಕುದುರೆಯ ಹೆಸರು ಗೊಲೊಂದ್ರಿನಾ. ಕಂದು ಹೆಣ್ಣುಕುದುರೆ, ಎಡಕ್ಕೆ ವಾಲುವ ಚಾಳಿ. ನೀವು ನೋಡಿದಂಥದೇ ಮಂಜು. ಆಚೆ ತಿರುವಿನಲ್ಲಿ ಯಾರೋ ಅಡ್ಡ ಬಂದಂತಾಯಿತು, ಅದು ಬೆದರಿತು. ನನ್ನ ತಲೆ ಬೇಲಿಗೆ ಬಡಿಯಿತು, ಕುದುರೆ ಕಾಲಿನ ಮೇಲೆ ಹೊರಳಿತು. ಮುಖದ ಮೇಲೆ ಕಂಬಳಿ ಎಳೆದು ಹಾಲಿನ ವ್ಯಾನಿನಲ್ಲಿ ಹಾಕಿಕೊಂಡು ಹೋದರಂತೆ, ಮಳೆ ಹನಿಯುತ್ತಿತ್ತಲ್ಲ ಅಂತ ಕಂಬಳಿ. ನೋಡುತ್ತಿದ್ದವರಿಗೆ ಕಂಡದ್ದು ಆ ಕಂಬಳಿ. ನನ್ನ ಯಜಮಾನ ಅದೇ ವಾರ ಕುದುರೆಗಳನ್ನೆಲ್ಲ ಸಾಂತಿಯಾಗೊಗೆ ಸಾಗಿಸಿದ. ಹೇಳುವವರು ಯಾರೂ ಉಳಿಯಲಿಲ್ಲ, ರಕ್ತ ಕಂಡ ಕಡೆ ದೀಪ ಹಚ್ಚುವವರು ಉಳಿದರು. ನಮ್ಮ ಜನ ದೀಪ ಹಚ್ಚುವ ಮೊದಲು ಯಾವತ್ತು ವಿಚಾರಿಸಿದ್ದಾರೆ?

ನನಗೆ ಪೂರ್ತಿ ಎಚ್ಚರ ಬರುವ ಹೊತ್ತಿಗೆ ವಸಂತ ಬಂದಿತ್ತು. ವಾಲ್ಪರಾಯಿಸೊದ ಒಂದು ವಾರ್ಡು, ಉದ್ದಕ್ಕೂ ಹಾಸಿಗೆಗಳು. ಭಾನುವಾರ ಭೇಟಿಯ ದಿನ. ಎಲ್ಲರ ಹಾಸಿಗೆಯ ಹತ್ತಿರವೂ ಯಾರಾದರೂ ಕೂತು ಕಿತ್ತಳೆ ಸುಲಿಯುತ್ತಿದ್ದರು. ಪಕ್ಕದ ಹಾಸಿಗೆಯ ಮುದುಕ ನನ್ನನ್ನು ಒಂಟಿಯಾಗಿ ನೋಡಲಾರದೆ ತನ್ನ ಹೆಂಡತಿಯನ್ನು ಅರ್ಧ ಗಂಟೆ ನನ್ನ ಹತ್ತಿರ ಕೂರಿಸುತ್ತಿದ್ದ. ರೇಸ್ ಮೈದಾನದಿಂದ ಒಬ್ಬರೂ ಬರಲಿಲ್ಲ. ಕುದುರೆಗಳಿಗೆ ಹುಲ್ಲು ಹಾಕುವವನೂ ಬರಲಿಲ್ಲ, ಅಂಗಿ ಒಗೆಯುತ್ತಿದ್ದವಳೂ ಬರಲಿಲ್ಲ. ನರ್ಸಿನ ಕೈಯಲ್ಲಿ ಎರಡು ಸಲ ಹೇಳಿ ಕಳುಹಿಸಿದೆ, ಬನ್ನಿ ಅಂತ. ಆ ಮಾತು ತಲುಪಿತೋ ಇಲ್ಲವೋ, ತಲುಪಿದ್ದರೆ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರೋ. ಕುಂಟನಾದ ಮೇಲೆ ನಾನು ಯಾರಿಗೂ ಬೇಡ ಅನ್ನುವುದು ನನಗೆ ಅಲ್ಲಿ ಅರ್ಥವಾಯಿತು. ಆಮೇಲೆ ಮಾವ ಬಂದು ಹಡಗಿನಲ್ಲಿ ದಕ್ಷಿಣಕ್ಕೆ ಕರೆತಂದ.

ನಲವತ್ತು ವರ್ಷ ಇದನ್ನೇ ನಂಬಿಕೊಂಡು ಬದುಕಿದೆ ದೊನ್ಯ ಫ್ರೆಸಿಯಾ. ಈಗ ನಿಮ್ಮ ಪತ್ರ ಬಂದು, ಅವರೆಲ್ಲ ಟೊಪ್ಪಿ ಕೈಯಲ್ಲಿ ಹಿಡಿದು ಕತ್ತಲಾಗುವವರೆಗೆ ನಿಂತಿದ್ದರು ಅನ್ನುತ್ತದೆ. ಬರಬೇಕಾದ ಕಡೆ ಬಿಟ್ಟು ಬೇರೆ ಕಡೆ ನಿಂತಿದ್ದರು, ಅಷ್ಟೆ. ಅದನ್ನು ಓದಿದ ದಿನ ಅಂಗಳದಲ್ಲಿ ಕೋಳಿಗಳ ಮುಂದೆ ಕೂತು ಅತ್ತುಬಿಟ್ಟೆ. ಸಂತೋಷಕ್ಕೋ ಸಿಟ್ಟಿಗೋ ನನಗೇ ತಿಳಿಯಲಿಲ್ಲ. ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಿದರೆ ನೀವು ಸೋಮವಾರ ಅಲ್ಲಿಗೆ ಹೋಗುವುದು ನಿಲ್ಲುತ್ತದೆ ಅನ್ನಿಸಿತು. ನೀವು ಅಲ್ಲಿಗೆ ಹೋಗುವುದು ನನಗೆ ಹಿತವಾಗಿತ್ತು. ಅದಕ್ಕೇ ಸುಮ್ಮನಿದ್ದೆ.

ಆದರೆ ನಿಮ್ಮ ಕಣ್ಣಿನ ವಿಷಯದಲ್ಲಿ ನಿಮ್ಮನ್ನು ಮೋಸದಲ್ಲಿ ಇಡಲಾರೆ. ಆ ಬೇಡಿಕೆ ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಡಾಕ್ಟರನ್ನು ನಂಬಿ.

ಮನೆಯ ವಿಷಯ: ಅದು ನಿಮ್ಮದು, ನಿಮಗೆ ಯಾವುದು ಒಳ್ಳೆಯದೋ ಹಾಗೆ ಮಾಡಿ. ನನ್ನ ಯೋಚನೆ ಬೇಡ, ಕಾರ್ಖಾನೆಯ ಹತ್ತಿರ ಕೋಣೆಗಳು ಸಿಗುತ್ತವೆ.

ಅನಾಕ್ಲೆತೊ


ವಿನ್ಯಾ ದೆಲ್ ಮಾರ್
೫ ಏಪ್ರಿಲ್

ಅನಾಕ್ಲೆತೊ,

ದೊನ್ ಬಿಟ್ಟಿದ್ದೇನೆ. ಗುಡಿಯಲ್ಲಿರುವವರನ್ನು ಯಾರೂ ದೊನ್ ಅನ್ನುವುದಿಲ್ಲ.

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಯಾಸ್ನಾ ಓಡಿ ಬಂದಳು. ಆಮೇಲೆ ಆ ವಾರ್ಡು, ಆ ಕಿತ್ತಳೆ ಬಂತು. ಬಾಗಿಲು ಹಾಕಿಕೊಂಡೆ. ಡಾಕ್ಟರು ಬೈಯಲಿ. ಆ ಹುಡುಗನ ಹತ್ತಿರ ಹೋಗಿ ಕೂತುಕೊಳ್ಳಲು ನನಗೆ ಆಗ ಎಷ್ಟು ವಯಸ್ಸಾಗಿತ್ತು, ಎಲ್ಲಿದ್ದೆ ಅಂತೆಲ್ಲ ಯೋಚಿಸಿದೆ. ಹುಚ್ಚು.

ಸುಲೆಮಾಗೆ ನಾನು ಏನೂ ಹೇಳಿಲ್ಲ. ಅವಳ ಹೊಟ್ಟೆಪಾಡು ಅದು, ಅದಕ್ಕಿಂತ ಹೆಚ್ಚಾಗಿ ಅವಳ ತಾಯಿಯ ಕಣ್ಣೀರು ಅದು. ಸೋಮವಾರ ಹೋದೆ, ಮೇಣದಬತ್ತಿ ಕೈಯಲ್ಲೇ ಉಳಿಯಿತು. ಬದುಕಿರುವವನಿಗೆ ಹೇಗೆ ಹಚ್ಚುವುದು? ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದೆ. ಇನ್ನು ಹೋಗುವುದಿಲ್ಲ.

ಬೇಡಿಕೆ ಈಗ ಹೇಳಬಹುದು, ಯಾಕೆಂದರೆ ಇನ್ನು ಅದು ಈಡೇರಬೇಕಾಗಿಲ್ಲ. ನಾನು ಕೇಳಿದ್ದು ಕಣ್ಣನ್ನಲ್ಲ. ಕಣ್ಣಿಗೆ ಡಾಕ್ಟರಿದ್ದಾರೆ, ಅಷ್ಟೂ ತಿಳಿಯದ ಹೆಂಗಸಲ್ಲ ನಾನು. ಮಂಡಿಯೂರಿ ಹೀಗೆ ಕೇಳಿದೆ: "ಅನಾಕ್ಲೆತೊ, ನಿನ್ನ ಹೆಸರಿನವನೇ ಒಬ್ಬ ದಕ್ಷಿಣದಲ್ಲಿದಾನೆ. ಬಾಯಿ ಸತ್ತ ಮನುಷ್ಯ. ಅವನ ಬಾಯಿಂದ ಮನೆಗೆ ಬನ್ನಿ ಅಂತ ಒಂದು ಮಾತು ಬರೋ ಹಾಗೆ ಮಾಡಪ್ಪ. ಬಂದ ದಿನ ನಿನ್ನ ಗುಡಿಗೆ ಹೊಸ ತಗಡು ಹೊದಿಸ್ತೀನಿ."

ಕೇಳಬೇಕಾದವರನ್ನೇ ಕೇಳಿದ್ದೆ ನೋಡಿ. ಕೇಳಿದ್ದಕ್ಕೆ ಉತ್ತರವೂ ಬಂತು, ಪತ್ರದ ಮೇಲೆ ಪತ್ರ: ಯೋಚನೆ ಬೇಡ, ಎಷ್ಟು ದಿನ ಬೇಕೋ ಇರಿ, ಮನೆ ನಿಮ್ಮದು. ಸತ್ತಿಲ್ಲ ಅಂತ ಅಷ್ಟುದ್ದ ಬರೆಯಲು ಬಂತು ನಿಮಗೆ. ಬನ್ನಿ ಅಂತ ಬರೆಯಲು ಬರಲಿಲ್ಲ. ಊರವರಿಗೆಲ್ಲ ಸತ್ತೂ ಕೊಟ್ಟಿರಿ. ನನಗೆ ಬದುಕಿದ್ದೂ ಕೊಡಲಿಲ್ಲ.

ಯಾಸ್ನಾಗೆ ಹೂಂ ಅಂದಿದ್ದೇನೆ. ತಿಂಗಳ ಕೊನೆಗೆ ಹೋಟೆಲಿನವರು ಬಂದು ಬೀಗದ ಕೈ ಕೇಳುತ್ತಾರೆ, ಕೊಟ್ಟುಬಿಡಿ. ಕೋಳಿಗಳನ್ನು ಯಾರಿಗಾದರೂ ಕೊಡಿ, ಕುಯ್ಯುವವರಿಗೆ ಬೇಡ. ಒಲೆ ನಿಮ್ಮ ಹೊಸ ಕೋಣೆಗೆ ಹಿಡಿಸುವುದಾದರೆ ನೀವೇ ಇಟ್ಟುಕೊಳ್ಳಿ.

ಕಾಲಿನ ನೋವಿಗೆ ಕುರಿಯ ಕೊಬ್ಬು ಹಚ್ಚುವುದನ್ನು ನಿಲ್ಲಿಸಬೇಡಿ.

ಫ್ರೆಸಿಯಾ


ವಿನ್ಯಾ ದೆಲ್ ಮಾರ್, ಲಾಯಗಳ ಗೇಟಿನ ಹತ್ತಿರ
೨೯ ಏಪ್ರಿಲ್

ಫ್ರೆಸಿಯಾ,

ಹೌದು, ಇಲ್ಲೇ ಇದ್ದೇನೆ. ಸುಲೆಮಾಳ ಅಂಗಡಿಯ ಸ್ಟೂಲಿನ ಮೇಲೆ ಕೂತು, ಎಣ್ಣೆ ಮೆತ್ತಿದ ಕಾಗದದಲ್ಲಿ ಬರೆಯುತ್ತಿದ್ದೇನೆ. ಬೀಗದ ಕೈ ಕೊಟ್ಟೆ, ಕೋಳಿಗಳನ್ನು ಶಾಲೆಯ ಮೇಡಂಗೆ ಕೊಟ್ಟೆ, ಒಲೆ ಬಿಟ್ಟು ಬಂದೆ. ಬಸ್ಸಿನಲ್ಲಿ ಕಾಲು ಊದಿಕೊಂಡಿದೆ.

ನಿನ್ನೆ ನಿಮ್ಮ ಮನೆಯ ಗೇಟಿನವರೆಗೆ ಬಂದಿದ್ದೆ. ಲಕೋಟೆಯ ಮೇಲಿನ ವಿಳಾಸ ತೋರಿಸಿ ಕೇಳಿಕೊಂಡು ಬಂದೆ. ನೀವು ಕಿಟಕಿಯ ಹತ್ತಿರ ಕೂತು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಿರಿ. ಒಂದೇ ಸಲಕ್ಕೆ ಪೋಣಿಸಿದಿರಿ. ಒಳಗಿನಿಂದ ಯಾರೋ ಏನೋ ಅಂದರು, ನೀವು ನಕ್ಕಿರಿ. ನೀವು ಹಾಗೆ ನಗುವುದನ್ನು ನಾನು ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿದ್ದೆ, ಎದುರಿನಿಂದ ನೋಡಿರಲಿಲ್ಲ. ಕೈ ಬೆಲ್ಲಿನ ಮೇಲಿತ್ತು. ಒತ್ತಲಿಲ್ಲ. ಚೆನ್ನಾಗಿರುವವರನ್ನು ಕರೆದುಕೊಂಡು ಹೋಗಿ ಗಾಳಿಗೆ ನಿಲ್ಲಿಸಲು ನಾನು ಯಾರು ಅನ್ನಿಸಿತು. ವಾಪಸ್ ಬಂದೆ.

ಹೋಗಲು ಬೇರೆ ಜಾಗ ಗೊತ್ತಿರಲಿಲ್ಲ, ಇಲ್ಲಿಗೆ ಬಂದೆ. ಮರಗಳು ಎತ್ತರವಾಗಿವೆ. ತಿರುವು ಅದೇ. ಗುಡಿಯ ಮುಂದೆ ಬಾಯಿ ತೆರೆದು ನಿಂತಿದ್ದೆ, ಬೆನ್ನ ಹಿಂದಿನಿಂದ ಕೂಗು ಬಂತು:

"ಏನಜ್ಜ, ಟೊಪ್ಪಿ ತೆಗೀರಿ ಮೊದ್ಲು! ಗೌರವ ಬೇಡ್ವಾ?"

ತೆಗೆದೆ. ಆಮೇಲೆ ಮನಸ್ಸು ತಡೆಯಲಿಲ್ಲ. "ತಾಯಿ, ಇವನು ಸತ್ತಿಲ್ಲ. ಇವನು ನಾನೇ," ಅಂದುಬಿಟ್ಟೆ.

ಸುಲೆಮಾ ಜಾಲರಿ ಸೌಟನ್ನು ಎಣ್ಣೆಯಿಂದ ಎತ್ತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀವೂನಾ? ಹೋದ್ ವರ್ಷ ಒಬ್ಬ ಬಂದಿದ್ದ, ಅವನಿಗಾದ್ರೂ ವೈನ್ ವಾಸ್ನೆ ಇತ್ತು. ಅದಕ್ಕೂ ಮುಂಚೆ ಬಂದವನು ಎರಡು ದಿನ ಇದ್ದು ನನ್ನ ಸೊಪೈಪಿಯಾ ಎಲ್ಲಾ ತಿಂದು ಹೋದ. ನಿಮ್ಮ ಕುಂಟು ಮಾತ್ರ ಚೆನ್ನಾಗಿದೆ ಅಜ್ಜ, ಅವರಿಗೆ ಅದು ಹೊಳೀಲಿಲ್ಲ. ಕೂತ್ಕೊಳಿ, ತಿನ್ನಿ, ದುಡ್ಡು ಬೇಡ."

ನಿಮ್ಮ ತಾಯಿ ನನ್ನ ಅಂಗಿ ಒಗೆಯುತ್ತಿದ್ದರು, ಕಾಲರಿಗೆ ಗಂಜಿ ಜಾಸ್ತಿ ಹಾಕುತ್ತಿದ್ದರು ಅಂತ ಹೇಳಬಹುದಿತ್ತು. ನಂಬುತ್ತಿದ್ದಳೇನೋ. ಅವಳ ಮುಖ ನೋಡಿ ಸೊಪೈಪಿಯಾ ಕೈಗೆತ್ತಿಕೊಂಡೆ. ಅವಳ ತಾಯಿ ತಿಂಗಳುಗಟ್ಟಲೆ ಅತ್ತದ್ದು ದಂಡ ಅಂತ ನಾನು ಯಾಕೆ ಹೇಳಲಿ?

ಇವತ್ತು ಬೆಳಗ್ಗೆ ಒಬ್ಬ ಹೆಂಗಸು ಬಂದಳು, ಕಂಕುಳಲ್ಲಿ ಮಗು. ಉತ್ತರದ ಗಣಿಗೆ ಹೋದ ಗಂಡನಿಂದ ಪತ್ರವಿಲ್ಲವಂತೆ. ನಾನು ಗುಡಿಗೆ ಅಡ್ಡ ಕೂತಿದ್ದೆ. "ಸ್ವಲ್ಪ ಆ ಕಡೆ ಸರೀತೀರಾ ಅಜ್ಜ? ಅವನ ಹತ್ರ ಮಾತಾಡ್ಬೇಕು," ಅಂದಳು. ಸರಿದೆ. ಅವಳು ನನಗೆ ಬೆನ್ನು ಹಾಕಿ, ಅನಾಕ್ಲೆತೊ, ಅನಾಕ್ಲೆತೊ ಅಂತ ಅಳುತ್ತಾ ಏನೇನೋ ಹೇಳಿಕೊಂಡಳು. ನನ್ನ ಹೆಸರನ್ನು ಅಷ್ಟು ಪ್ರೀತಿಯಿಂದ ಯಾರೂ ಕರೆದದ್ದು ನಾನು ಕೇಳಿರಲಿಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ. ಅವಳಿಗೆ ನನ್ನಿಂದ ಏನೂ ಬೇಕಿರಲಿಲ್ಲ, ಜಾಗ ಬಿಟ್ಟದ್ದಷ್ಟೇ ಉಪಕಾರ. ಇಷ್ಟು ಒಂಟಿಯಾಗಿ ನಾನು ಆ ವಾರ್ಡಿನಲ್ಲೂ ಇರಲಿಲ್ಲ ಫ್ರೆಸಿಯಾ.

ಅವಳು ಹೋದ ಮೇಲೆ ಬರೆಯಲು ಕೂತೆ. ಇಲ್ಲಿಗೆ ಬರುವವರೆಲ್ಲ ನಾನು ಕೊಟ್ಟೆ ಅನ್ನುವುದನ್ನು ನಾನು ಕೊಟ್ಟಿಲ್ಲ. ನನ್ನ ಕೈಯಲ್ಲಿ ನಿಜವಾಗಿ ಇದ್ದದ್ದು ಒಂದೇ ಬೇಡಿಕೆ, ನಿಮ್ಮದು. ಅದನ್ನೇ ನಡೆಸಿಕೊಡಲಿಲ್ಲ. ಆ ವಾರ್ಡಿನಿಂದ ಬನ್ನಿ ಅಂತ ಎರಡು ಸಲ ಹೇಳಿ ಕಳುಹಿಸಿದ್ದೆ, ಆಮೇಲೆ ಆ ಮಾತನ್ನು ಯಾರಿಗೂ ಹೇಳಲಿಲ್ಲ. ನೀವಿಲ್ಲದೆ ಯಾವುದಕ್ಕೂ ತೊಂದರೆಯಾಗಿಲ್ಲ ಅಂತ ಬರೆದೆನಲ್ಲ, ಆ ದಿನ ನಾನು ನಿಮ್ಮ ಅಡುಗೆಮನೆಯಲ್ಲಿ, ನಿಮ್ಮ ಕುರ್ಚಿಯ ಎದುರು ಕೂತು ತಣ್ಣಗಾದ ಚಹಾ ಕುಡಿಯುತ್ತಿದ್ದೆ. ಎರಡು ಲೋಟಕ್ಕೆ ಬಗ್ಗಿಸಿದ್ದೆ.

ಮನೆ ಹೋಯಿತು, ಹೋಗಲಿ. ನತಾಲೆಸ್ಸೇ ಆಗಬೇಕೆಂದಿಲ್ಲ, ಇಲ್ಲಿ ಹೊಳೆಯಾಚೆ ಕೋಣೆಗಳಿವೆಯಂತೆ, ಸುಲೆಮಾ ಹೇಳಿದಳು. ನನಗೆ ಮನೆ ಬೇಡ, ನೀವು ಬೇಕು.

ಈ ಪತ್ರವನ್ನು ಸುಲೆಮಾ ತರುತ್ತಾಳೆ. ತಲೆ ಕೆಟ್ಟ ಅಜ್ಜ ಅನ್ನುತ್ತಾಳೆ, ಅನ್ನಲಿ. ಇವತ್ತು, ನಾಳೆ, ಸೋಮವಾರ, ನಾನು ಇದೇ ಸ್ಟೂಲಿನ ಮೇಲೆ ಇರುತ್ತೇನೆ. ಬನ್ನಿ. ಬರುವುದಿಲ್ಲ ಅನ್ನುವುದಾದರೂ, ಬಂದು ಹೇಳಿ.

ಅನಾಕ್ಲೆತೊ